ಸ್ನಾಯು ಎಲ್ಲಿಯವರೆಗೆ ಬೆಳೆದೀತು?



ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹೊಲದಲ್ಲಿ ದುಡಿದು, ಕಡಲೆಕಾಯಿ ಮೂಟೆ ಹೊತ್ತು ಬೆಳೆದವನು. ಕಾಲೇಜಿಗೆಂದು ಪಟ್ಟಣಕ್ಕೆ ಬಂದು ವ್ಯಾಯಾಮಶಾಲೆ ಸೇರುತ್ತಾನೆ. ಮೊದಲ ವರ್ಷ ತೋಳು, ಎದೆ ತುಂಬಿಕೊಳ್ಳುತ್ತವೆ. ಎರಡನೆಯ ವರ್ಷ ಬೆಳವಣಿಗೆ ನಿಧಾನವಾಗುತ್ತದೆ. ಮೂರನೆಯ ವರ್ಷ ಎಷ್ಟು ಭಾರ ಎತ್ತಿದರೂ ಅಳತೆಪಟ್ಟಿ ಅಲ್ಲೇ ನಿಲ್ಲುತ್ತದೆ. ಆಗ ಯಾರೋ ಕಿವಿಯಲ್ಲಿ ಹೇಳುತ್ತಾರೆ: "ಒಂದು ಇಂಜೆಕ್ಷನ್ ತಗೋ, ಮೂರು ತಿಂಗಳಲ್ಲಿ ನೋಡು." ಈ ಮಾತಿಗೆ ಏನು ಉತ್ತರ? ಅದನ್ನು ಇಂದು ನೋಡೋಣ.

ಮೊದಲು, ಬೆಳವಣಿಗೆ ಏಕೆ ನಿಧಾನವಾಗುತ್ತದೆ? ನಮ್ಮ ಸ್ನಾಯುವಿನ ಎಳೆಗಳ ಸಂಖ್ಯೆ ಬಹುಮಟ್ಟಿಗೆ ಹುಟ್ಟಿನ ಹೊತ್ತಿಗೇ ನಿಶ್ಚಯವಾಗಿರುತ್ತದೆ. ವ್ಯಾಯಾಮದಿಂದ ಹೊಸ ಎಳೆಗಳು ಹುಟ್ಟುವುದಕ್ಕಿಂತ ಇರುವ ಎಳೆಗಳೇ ದಪ್ಪವಾಗುತ್ತವೆ. ದೇಹದಲ್ಲಿ ಸ್ನಾಯುವಿನ ಪ್ರೋಟೀನ್ ದಿನವೂ ಕಟ್ಟುತ್ತಿರುತ್ತದೆ, ದಿನವೂ ಕರಗುತ್ತಿರುತ್ತದೆ. ಕಟ್ಟುವುದು ಹೆಚ್ಚಾದರೆ ಬೆಳವಣಿಗೆ, ಎರಡೂ ಸಮವಾದರೆ ನಿಲುಗಡೆ. ಈ ಸಮತೋಲವನ್ನು ಟೆಸ್ಟೋಸ್ಟಿರಾನಿನಂಥ ಹಾರ್ಮೋನುಗಳು, ಅನುವಂಶೀಯತೆ, ಮೂಳೆಗಳ ಗಾತ್ರ ಎಲ್ಲವೂ ಸೇರಿ ನಿರ್ಧರಿಸುತ್ತವೆ.

ನಮ್ಮೊಳಗೆ ಒಂದು ಕಡಿವಾಣವೂ ಇದೆ. ಅದರ ಹೆಸರು ಮಯೋಸ್ಟಾಟಿನ್. ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಈ ಪ್ರೋಟೀನನ್ನು ವಿಜ್ಞಾನಿಗಳು 1997ರಲ್ಲಿ ಗುರುತಿಸಿದರು. ಬೆಲ್ಜಿಯನ್ ಬ್ಲೂ ಎಂಬ ಯುರೋಪಿನ ದನದ ತಳಿಯಲ್ಲಿ ಈ ಕಡಿವಾಣ ಕೆಟ್ಟಿರುವುದು ಅದೇ ವರ್ಷ ತಿಳಿಯಿತು. ಅವುಗಳ ಮೈ ಮಾಂಸದ ಗುಡ್ಡೆ; ಕರು ಹಾಕಿಸಲು ಬಹಳಷ್ಟು ಸಲ ಶಸ್ತ್ರಚಿಕಿತ್ಸೆಯೇ ಬೇಕು. ತುಮಕೂರು ಸೀಮೆಯ ಹಳ್ಳಿಕಾರ್ ಎತ್ತನ್ನು ನೀವು ಜಾತ್ರೆಯಲ್ಲಿ ನೋಡಿರುತ್ತೀರಿ. ಅದರದು ಬಿಗಿಯಾದ, ತೆಳು ಮೈ. ಆದರೆ ನೊಗಕ್ಕೆ ಕಟ್ಟಿದರೆ ದಣಿವರಿಯದೆ ನಡೆಯುತ್ತದೆ. ಗಾತ್ರವೇ ಬೇರೆ, ಕಸುವೇ ಬೇರೆ.

ಹಾಗಾದರೆ ಮನುಷ್ಯನ ಮಿತಿ ಎಷ್ಟು? 1995ರಲ್ಲಿ ಅಮೆರಿಕದ ಸಂಶೋಧಕರು 157 ಪುರುಷ ಕ್ರೀಡಾಪಟುಗಳ ಅಳತೆಯನ್ನು ಪ್ರಕಟಿಸಿದರು. ಅವರಲ್ಲಿ 83 ಮಂದಿ ಸ್ಟೀರಾಯ್ಡ್ ಬಳಸಿದವರು, 74 ಮಂದಿ ಬಳಸದವರು. ಕೊಬ್ಬನ್ನು ಕಳೆದು ಉಳಿದ ಮೈತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರು. ಬಳಸದವರಲ್ಲಿ ಈ ಸಂಖ್ಯೆ ಸುಮಾರು 25ರಲ್ಲಿ ನಿಂತಿತು. ಬಳಸಿದವರಲ್ಲಿ ಅನೇಕರು ಅದನ್ನು ದಾಟಿದ್ದರು.

ನೀವೇ ಲೆಕ್ಕ ಹಾಕಿ. ಎತ್ತರ 1.70 ಮೀಟರ್, ತೂಕ 60 ಕಿಲೋ, ಅದರಲ್ಲಿ ಕೊಬ್ಬು 9 ಕಿಲೋ ಎನ್ನೋಣ. ಉಳಿದದ್ದು 51 ಕಿಲೋ. ಅದನ್ನು 2.89ರಿಂದ ಭಾಗಿಸಿದರೆ 17.6. ಇದೇ ಎತ್ತರಕ್ಕೆ 25 ಎಂದರೆ ಸುಮಾರು 72 ಕಿಲೋ. ಇದು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಅಪರೂಪಕ್ಕೆ ಒಬ್ಬರು ದಾಟಿಯಾರು, ಬಹುಪಾಲು ಜನ ಎಷ್ಟು ಶ್ರಮಿಸಿದರೂ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಆದರೆ ಯಾವ ಚಿತ್ರವನ್ನು ನಂಬಬೇಕು, ಯಾವುದನ್ನು ಸಂಶಯದಿಂದ ನೋಡಬೇಕು ಎಂಬುದಕ್ಕೆ ಇದೊಂದು ಮಾನದಂಡ.

ಇನ್ನೊಂದು ಮಾನದಂಡ ನಮ್ಮ ನಾಡಿನಲ್ಲೇ ಇದೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಸೂರ್ಯನಮಸ್ಕಾರವನ್ನೂ ಭಾರ ಎತ್ತುವುದನ್ನೂ ಜೊತೆಗೂಡಿಸಿದರು. ಅವರ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಹೊರಬಂದದ್ದು 1930ರಲ್ಲಿ. ಟೆಸ್ಟೋಸ್ಟಿರಾನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು 1935ರಲ್ಲಿ. ಅಂದರೆ ಆ ಕಾಲದ ಅಯ್ಯರ್ ಅವರ ಮೈಕಟ್ಟು ಅನ್ನ, ಶ್ರಮ, ಶಿಸ್ತುಗಳಿಂದಲೇ ಬಂದದ್ದು. ಅವರ ಹಳೆಯ ಭಾವಚಿತ್ರ ಸಿಕ್ಕರೆ ನೋಡಿ. ಇಂದಿನ ಪೋಸ್ಟರಿನ ದೇಹಗಳ ಮುಂದೆ ಅದು ಗಾತ್ರದಲ್ಲಿ ಚಿಕ್ಕದು, ಅಂದದಲ್ಲಿ ಅಲ್ಲ.

ಇಂಜೆಕ್ಷನ್ನಿನಿಂದ ಏನೂ ಆಗದು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹತ್ತು ವಾರ ಭಾರಿ ಪ್ರಮಾಣದ ಟೆಸ್ಟೋಸ್ಟಿರಾನ್ ಪಡೆದು ವ್ಯಾಯಾಮವನ್ನೇ ಮಾಡದವರಿಗೆ ಕೊಬ್ಬುರಹಿತ ತೂಕ ಸುಮಾರು 3 ಕಿಲೋ ಹೆಚ್ಚಿತು. ಔಷಧವಿಲ್ಲದೆ ಶ್ರಮಪಟ್ಟವರಿಗೆ ಹೆಚ್ಚಿದ್ದು ಸುಮಾರು 2 ಕಿಲೋ. ಎರಡೂ ಸೇರಿದಾಗ 6 ಕಿಲೋ. ಆಕರ್ಷಣೆ ಇರುವುದೇ ಇಲ್ಲಿ. ಆದರೆ ಇದಕ್ಕೆ ತೆರಬೇಕಾದ ಬೆಲೆ ಕೇಳಿ. ಹೊರಗಿನಿಂದ ಹಾರ್ಮೋನು ಬಂದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ಸಂತಾನಶಕ್ತಿ ಕುಂದುತ್ತದೆ. ರಕ್ತದೊತ್ತಡ ಏರಬಹುದು, ಹೃದಯದ ಗೋಡೆ ದಪ್ಪವಾಗಬಹುದು. ಇನ್ನೂ ಬೆಳೆಯುವ ವಯಸ್ಸಿನವರಲ್ಲಿ ಮೂಳೆಯ ತುದಿಗಳು ಬೇಗ ಮುಚ್ಚಿಕೊಂಡು ಎತ್ತರವೇ ನಿಂತುಹೋಗಬಹುದು. ಹುಡುಗಿಯರಲ್ಲಿ ದನಿ ಗಡಸಾದರೆ ಮತ್ತೆ ಮೊದಲಿನಂತಾಗದಿರಬಹುದು.

ಹಾಗಾದರೆ ಮಾಡಬೇಕಾದದ್ದೇನು? ವಾರಕ್ಕೆ ಎರಡು ಮೂರು ದಿನ, ತಿಳಿದವರ ಎದುರಿಗೆ, ದಂಡ, ಬಸ್ಕಿ, ಭಾರ ಎತ್ತುವುದು ಸಾಕು. ಹುಡುಗಿಯರೂ ಮಾಡಿ, ಮೂಳೆ ಗಟ್ಟಿಯಾಗುತ್ತದೆ. ಚೆನ್ನಾಗಿ ನಿದ್ರೆ ಮಾಡಿ. ಭಾರದ ವ್ಯಾಯಾಮ ಮಾಡುವವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. ಅದಕ್ಕೂ ಮೇಲೆ ತಿಂದರೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣದು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಕಡಲೆಬೀಜದಲ್ಲಿ ಸುಮಾರು 25 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ರಾಗಿಯಲ್ಲಿ 7 ಗ್ರಾಂ ಮಾತ್ರ. ಆದ್ದರಿಂದ ಮುದ್ದೆಯ ಜೊತೆ ಹುರುಳಿ ಸಾರು ಇರಲಿ.

ಇನ್ನೊಂದು ಮಾತು ನೆನಪಿಡಿ. ಸ್ನಾಯು ದಪ್ಪವಾಗುವುದು ನಿಂತ ಮೇಲೂ ಬಲ ಹೆಚ್ಚಬಲ್ಲದು, ಏಕೆಂದರೆ ಇರುವ ಸ್ನಾಯುವನ್ನು ಪೂರ್ತಿ ಬಳಸುವುದನ್ನು ನರಗಳು ಕಲಿಯುತ್ತಲೇ ಇರುತ್ತವೆ. ಅಳತೆಪಟ್ಟಿ ನಿಂತಿತೆಂದರೆ ನೀವು ಸೋತಿರಿ ಎಂದಲ್ಲ. ನಿಮ್ಮ ದೇಹ ತನ್ನ ಅಳತೆಯನ್ನು ಹೇಳುತ್ತಿದೆ, ಅಷ್ಟೆ. ಅದರ ಮಾತನ್ನು ಕೇಳಿ.