ಹಾಲು ಹೊರುವ ಗಾಡಿಗೆ ಯಾವ ಆಯಿಲ್?

(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ದನದ ಡಾಕ್ಟರು ಕೆಚ್ಚಲು ಬಾವಿನ ವಿಷಯ ಬಿಟ್ಟು ಮೋಟಾರ್ ಸೈಕಲ್ ವಿಷಯ ಏಕೆ ತೆಗೆದರು ಎಂದು ತಮಗೆ ಅನ್ನಿಸಬಹುದು. ಇಂದು ಬೆಳಿಗ್ಗೆ ಸಂಘದ ಮುಂದೆ ನಿಂತಿದ್ದ ಗಾಡಿಗಳನ್ನು ಎಣಿಸಿದೆ. ಹತ್ತೊಂಬತ್ತು ಇದ್ದವು. ಕ್ಯಾನನ್ನು ಕೈಯಲ್ಲಿ ಹಿಡಿದು ನಡೆದು ಬಂದವರು ನಾಲ್ಕೇ ಜನ. ಕೊಟ್ಟಿಗೆಯಿಂದ ಸಂಘಕ್ಕೆ ಹಾಲು ಬರುವುದು ಈಗ ಗಾಡಿಯ ಮೇಲೆ. ಗಾಡಿ ದಾರಿಯಲ್ಲಿ ನಿಂತರೆ ಹಾಲೂ ಬಿಸಿಲಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಗಾಡಿಯ ಹೊಟ್ಟೆಗೆ ಏನು ಹಾಕಬೇಕು ಎಂಬುದೂ ಹೈನುಗಾರಿಕೆಯ ವಿಷಯವೇ.

ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಭಾವಮೈದುನನ ಕಾರಿಗೆ ಹಾಕಿ ಉಳಿದಿದ್ದ ಒಂದು ಲೀಟರ್ ಆಯಿಲ್ ಮನೆಯಲ್ಲಿತ್ತು. ಒಳ್ಳೆಯ ಮಾಲು, ಬೆಲೆಯೂ ಜಾಸ್ತಿ. ಸುಮ್ಮನೆ ಏಕೆ ಇಡಬೇಕೆಂದು ನನ್ನ ಮೋಟಾರ್ ಸೈಕಲ್ಲಿಗೆ ಸುರಿದೆ. ಎರಡು ವಾರ ಏನೂ ತೊಂದರೆ ಕಾಣಲಿಲ್ಲ. ಗಾಡಿ ಮೊದಲಿಗಿಂತ ಹಗುರವಾಗಿ ಓಡುತ್ತಿದೆ ಎಂದೂ ಅನ್ನಿಸಿತು. ಆಮೇಲೆ ಒಂದು ರಾತ್ರಿ ಕರೆ ಬಂತು. ಹಿಂದಿನ ದಿನ ಕರು ಹಾಕಿದ ಹಸು ಮಲಗಿದ್ದು ಏಳುತ್ತಿಲ್ಲ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡಿದೆ, ಕಿವಿ ತಣ್ಣಗಿದೆ ಎಂದರು. ಹಾಲು ಜ್ವರ. ಕ್ಯಾಲ್ಸಿಯಂ ಸಕಾಲಕ್ಕೆ ರಕ್ತಕ್ಕೆ ಸೇರಿದರೆ ಕಣ್ಣೆದುರೇ ಎದ್ದು ನಿಲ್ಲುವ ರೋಗ. ತಡವಾದರೆ ಕೈಮೀರುವ ರೋಗ. ಊರಿನ ಮುಂದಿನ ದಿಣ್ಣೆ ಹತ್ತುವಾಗ ಎಕ್ಸಲೇಟರ್ ಎಷ್ಟು ತಿರುವಿದರೂ ಎಂಜಿನ್ ಕೂಗಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಕ್ಲಚ್ ಜಾರುತ್ತಿತ್ತು. ಗಾಡಿಯನ್ನು ಅಲ್ಲೇ ಬಿಟ್ಟು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಡೆದೆ. ಹೋಗಿ ಮುಟ್ಟುವಾಗ ಹಸು ಪೂರ್ತಿ ಅಡ್ಡ ಬಿದ್ದು ಹೊಟ್ಟೆ ಉಬ್ಬಿತ್ತು. ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಪ್ರಾಣ ಹೋಯಿತು. ಮನೆಯ ಯಜಮಾನರು ನನ್ನನ್ನು ಒಂದು ಮಾತೂ ಆಡಲಿಲ್ಲ, ಕಾಫಿ ಕೊಟ್ಟರು. ದಾರಿಯಲ್ಲಿ ಗಾಡಿ ಕೆಟ್ಟಿತು ಎಂದೆ. ಏಕೆ ಕೆಟ್ಟಿತೆಂದು ಅವರಿಗೆ ನಾನು ಹೇಳಲಿಲ್ಲ.

ಏಕೆಂದು ಗೊತ್ತಾದದ್ದೂ ಮರುದಿನವೇ, ಮೆಕ್ಯಾನಿಕ್ ಹೇಳಿದಾಗ. ಕಾರಿನಲ್ಲಿ ಸಾಮಾನ್ಯವಾಗಿ ಕ್ಲಚ್ ಎಂಜಿನ್ ಆಯಿಲಿನ ಹೊರಗೆ, ಒಣಗಿದ ಜಾಗದಲ್ಲಿ ಇರುತ್ತದೆ. ನಮ್ಮ ಗೇರಿನ ಮೋಟಾರ್ ಸೈಕಲ್ಲುಗಳಲ್ಲಿ ಹಾಗಲ್ಲ. ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಪ್ಲೇಟುಗಳು ಮೂರಕ್ಕೂ ಒಂದೇ ಆಯಿಲ್. ಎಂಜಿನ್ನಿಗೆ ಜಾರಿಕೆ ಬೇಕು, ಕ್ಲಚ್ಚಿಗೆ ಹಿಡಿತ ಬೇಕು. ಪೆಟ್ರೋಲ್ ಉಳಿಯಲೆಂದು ಕಾರಿನ ಆಯಿಲ್‌ಗಳಿಗೆ ಹೆಚ್ಚು ಜಾರಿಕೆ ಕೊಡುವ ರಾಸಾಯನಿಕ ಸೇರಿಸತೊಡಗಿದ ಮೇಲೆ ಮೋಟಾರ್ ಸೈಕಲ್ ಕ್ಲಚ್‌ಗಳಿಗೆ ಕಷ್ಟ ಬಂತು. ಅದಕ್ಕಾಗಿಯೇ ಜಪಾನಿನವರು 1990ರ ದಶಕದ ಕೊನೆಯಲ್ಲಿ ಬೇರೆ ಗುರುತು ಮಾಡಿದರು. ಡಬ್ಬದ ಮೇಲೆ ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ ಜೆ, ಎ, ಎಸ್, ಓ ಎಂದು ಇರುತ್ತದೆ. ಅದರ ಪಕ್ಕದಲ್ಲಿ ಎಂಎ ಅಥವಾ ಎಂಎ2 ಎಂದಿದ್ದರೆ ಅದು ಗೇರಿನ ಗಾಡಿಗೆ. ಎಂಬಿ ಎಂದಿದ್ದರೆ ಗೇರಿಲ್ಲದ ಸ್ಕೂಟರಿಗೆ. ಅಂಗಡಿಯಲ್ಲಿ ಕೇಳುವಾಗ ಬರೀ ‘ಬೈಕ್ ಆಯಿಲ್ ಕೊಡಿ’ ಎನ್ನಬೇಡಿ. ಡಬ್ಬ ಕೈಗೆ ತೆಗೆದುಕೊಂಡು ಓದಿ.

ನಾವು ಹಾಲನ್ನು ಬಣ್ಣ ನೋಡಿ ಕೊಳ್ಳುವುದಿಲ್ಲ. ಲ್ಯಾಕ್ಟೋಮೀಟರ್ ಇಡುತ್ತೇವೆ, ಫ್ಯಾಟ್ ನೋಡುತ್ತೇವೆ. ಆಯಿಲನ್ನು ಮಾತ್ರ ಬೆರಳ ಮೇಲೆ ಉಜ್ಜಿ ‘ಗಟ್ಟಿ ಇದೆ, ಒಳ್ಳೆಯದು’ ಎನ್ನುತ್ತೇವೆ! ಗಟ್ಟಿತನದ ಲೆಕ್ಕವೂ ಡಬ್ಬದ ಮೇಲೇ ಇದೆ: 10ಡಬ್ಲ್ಯೂ-30, 20ಡಬ್ಲ್ಯೂ-50 ಎಂದು. ಡಬ್ಲ್ಯೂ ಎಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು, ಎರಡನೆಯದು ಎಂಜಿನ್ ಕಾದಾಗ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ಧನುರ್ಮಾಸದ ಬೆಳಗಿನ ಜಾವ ತುಪ್ಪ ಚಮಚಕ್ಕೆ ಬರುವುದಿಲ್ಲ ನೋಡಿ, ತೀರ ಗಟ್ಟಿ ಆಯಿಲ್ ಕೂಡ ಹಾಗೆ, ಕಿಕ್ ಹೊಡೆದ ತಕ್ಷಣ ಮೇಲಿನ ಭಾಗಗಳಿಗೆ ಬೇಗ ಏರುವುದಿಲ್ಲ. ಇಂದಿನ ನೂರು, ನೂರಿಪ್ಪತ್ತೈದು ಸಿಸಿ ಗಾಡಿಗಳಲ್ಲಿ ಬಹಳಷ್ಟಕ್ಕೆ 10ಡಬ್ಲ್ಯೂ-30 ಎಂದೇ ಕಂಪನಿ ಬರೆದಿರುತ್ತದೆ. ಭಾರ ಹೊರುವ ಗಾಡಿ ಎಂದು ಅದಕ್ಕೆ 20ಡಬ್ಲ್ಯೂ-50 ಹಾಕಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಗಾಡಿಯ ಪುಸ್ತಕ ಏನು ಹೇಳುತ್ತದೋ ಅದೇ ಸರಿ. ಸಿಂಥೆಟಿಕ್ ಬೇಕೋ ಬೇಡವೋ ಎಂಬುದಕ್ಕೂ ಅದೇ ಉತ್ತರ.

ಮನೆಯಲ್ಲಿ ಟ್ರ್ಯಾಕ್ಟರಿನ ಆಯಿಲ್ ಇದೆ, ಅದನ್ನೇ ಹಾಕಬಹುದೇ ಎಂದು ಹೋದ ತಿಂಗಳು ಒಬ್ಬರು ಕೇಳಿದರು. ಡಬ್ಬದ ಮೇಲೆ ಎಪಿಐ ಎಂದು ಬರೆದು ಮುಂದೆ ಎಸ್‌ಎಲ್, ಎಸ್‌ಎನ್ ಹೀಗೆ ಎಸ್‌ನಿಂದ ಶುರುವಾದರೆ ಅದು ಪೆಟ್ರೋಲ್ ಎಂಜಿನ್ನಿಗೆ. ಸಿ ಅಕ್ಷರದ್ದು ಡೀಸೆಲ್ಲಿಗೆ. ಟ್ರ್ಯಾಕ್ಟರಿನದು ಟ್ರ್ಯಾಕ್ಟರಿಗೇ ಇರಲಿ. ಹಿರಿಯರಲ್ಲಿ ಕೆಲವರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು ಓಡಿಸಿದವರು. 1961ರಿಂದ 1996ರವರೆಗೆ ನಡೆದ ಆ ಕಾರ್ಖಾನೆಯ ಜಾವಾ, ಯೆಜ್ಡಿಗಳಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸುತ್ತಿದ್ದೆವು, ಗೇರ್ ಬಾಕ್ಸಿಗೆ ಬೇರೆ. ಆ ಟು-ಟಿ ಆಯಿಲ್ ಉರಿದು ಹೋಗಲೆಂದೇ ಮಾಡಿದ್ದು. ಇಂದಿನ ಫೋರ್ ಸ್ಟ್ರೋಕ್ ಗಾಡಿಯ ಎಂಜಿನ್ನಿಗೆ ಅದನ್ನು ಹಾಕಬಾರದು.

ಇನ್ನು ನಮ್ಮ ಗಾಡಿಗಳ ದುಡಿಮೆ. 40 ಲೀಟರಿನ ಎರಡು ಕ್ಯಾನು ತುಂಬಿ ಕಟ್ಟಿದರೆ ಹಾಲಿನ ತೂಕವೇ 80 ಕಿಲೋ ದಾಟಿತು. ಮಣ್ಣಿನ ದಾರಿ, ಒಂದು ಎರಡನೇ ಗೇರಿನ ಓಟ. ಗಾಳಿಯಿಂದ ತಣಿಯಬೇಕಾದ ಎಂಜಿನ್ನಿಗೆ ಗಾಳಿಯೇ ಸಾಲದು. ಮನೆಯಿಂದ ಸಂಘಕ್ಕೆ ಒಂದೇ ಕಿಲೋಮೀಟರ್ ಇರುವವರದು ಇದಕ್ಕೆ ತಿರುಗುಮುರುಗು: ಎಂಜಿನ್ ಸರಿಯಾಗಿ ಕಾಯುವ ಮೊದಲೇ ಆಫ್. ಒಳಗಿನ ತೇವ ಆರದೆ ಆಯಿಲ್‌ನಲ್ಲಿ ಉಳಿಯುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಕೆನೆ ಕಂಡರೆ ಅದು ನೀರು. ‘ಕಿಲೋಮೀಟರ್ ಇನ್ನೂ ಆಗಿಲ್ಲ’ ಎಂದು ವರ್ಷಗಟ್ಟಲೆ ಕಾಯಬೇಡಿ. ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಆಗ ಬದಲಿಸಿ.

ಹದಿನೈದು ದಿನಕ್ಕೊಮ್ಮೆ ಅಳತೆ ಕಡ್ಡಿ ನೋಡಿ. ಗಾಡಿಯನ್ನು ಸಮ ನೆಲದಲ್ಲಿ ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ ಅಷ್ಟೇ ಹೊತ್ತು ಬಿಟ್ಟು ಕಡ್ಡಿಯನ್ನು ಒರೆಸಿ ಇಳಿಸಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಕೆಳಗೆ ಇಳಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಮೇಲಿನ ಗೆರೆ ದಾಟುವಷ್ಟು ತುಂಬಿಸುವುದೂ ತಪ್ಪು. ಖಾಲಿ ಡಬ್ಬವನ್ನು ಕೊಯ್ದು ಎಸೆಯಿರಿ, ಕಲಬೆರಕೆಯವರ ಕೈಗೆ ಸಿಗದಿರಲಿ. ಆಯಿಲ್ ಹಾಕಿದ ಆಲಿಕೆ ಹಾಲಿನ ಮನೆಗೆ ಬರಲೇಬಾರದು.

ಕೊನೆಯದಾಗಿ ನನ್ನ ಇಲಾಖೆಯ ಮಾತು. ಇಳಿಸಿದ ಕಪ್ಪು ಆಯಿಲನ್ನು ಹುಳು ಬಿದ್ದ ಗಾಯಕ್ಕೆ, ಕಜ್ಜಿಗೆ, ಉಣ್ಣೆಗೆ ಬಳಿಯುವುದನ್ನು ಇಂದಿಗೂ ನೋಡುತ್ತೇನೆ. ದನ ಮೈ ನೆಕ್ಕುತ್ತದೆ, ಪಕ್ಕದ ಕರುವೂ ನೆಕ್ಕುತ್ತದೆ. ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಆ ಆಯಿಲ್‌ನಲ್ಲೂ ಸೀಸ ಇರುತ್ತಿತ್ತು. ದನಗಳು ಕಣ್ಣು ಕಾಣದೆ, ಹಲ್ಲು ಕಡಿಯುತ್ತಾ, ಗೋಡೆಗೆ ತಲೆ ಒತ್ತಿ ಸಾಯಲು ಆ ಸೀಸದ ವಿಷವೂ ಒಂದು ಕಾರಣ. 2000ದಲ್ಲಿ ಸೀಸದ ಪೆಟ್ರೋಲ್ ನಮ್ಮ ದೇಶದಲ್ಲಿ ನಿಂತಿತು. ಹಾಗೆಂದು ಸವೆದ ಲೋಹದ ಪುಡಿ, ಮಸಿ ತುಂಬಿದ ಈಗಿನ ಕಪ್ಪು ಆಯಿಲ್ ಔಷಧಿ ಆಗಲಿಲ್ಲ. ಹುಳು ಬಿದ್ದರೆ ನಮಗೆ ಹೇಳಿ ಕಳಿಸಿ. ಹಳೆಯ ಆಯಿಲನ್ನು ಬಾವಿಯ ಕಡೆಗಾಗಲಿ ಮೇವಿನ ಹೊಲಕ್ಕಾಗಲಿ ಚೆಲ್ಲದೆ ಡಬ್ಬದಲ್ಲಿ ತುಂಬಿ ಮೆಕ್ಯಾನಿಕ್ ಅಂಗಡಿಗೆ ಒಪ್ಪಿಸಿ. ಹಳೆಯ ಬ್ಯಾಟರಿಯನ್ನೂ ಅಷ್ಟೇ, ಕೊಟ್ಟಿಗೆಯ ಮೂಲೆಯಲ್ಲಿ ಇಡಬೇಡಿ, ಅದರ ತುಂಬ ಸೀಸವೇ.

ನನ್ನ ಗಾಡಿ ಸಂಘದ ಹೊರಗೆ ನಿಂತಿದೆ. ಊಟದ ಮೊದಲು ಬಂದರೆ ಅಳತೆ ಕಡ್ಡಿ ನೋಡುವುದನ್ನು ಅಲ್ಲೇ ತೋರಿಸುತ್ತೇನೆ.