ಮೂರೂರಿನ ಒಂದು ಭಜನೆ

ಭಜನೆಗೆ ಎಲ್ಲರೂ ಒಂದೇ ಜಮಖಾನದ ಮೇಲೆ ಕೂರಬೇಕೆಂದು ನಾವು ನಂಬಿದ್ದೆವು. 2020ರ ಮಾರ್ಚ್ ತಿಂಗಳಲ್ಲಿ ದೇವಸ್ಥಾನಗಳ ಬಾಗಿಲು ಮುಚ್ಚಿದಾಗ ಆ ನಂಬಿಕೆಗೆ ಪೆಟ್ಟು ಬಿತ್ತು. ಹಾಡುವವರು ಕಡೂರಿನಲ್ಲೊಬ್ಬರು, ತರೀಕೆರೆಯಲ್ಲೊಬ್ಬರು, ಅಜ್ಜಂಪುರದಲ್ಲೊಬ್ಬರು ಎಂದಾದರೆ ಮಾಡುವುದೇನು?

ಫೋನಿನಲ್ಲಿ ಒಮ್ಮೆಗೇ ಹಾಡಿ ನೋಡಿ, ತಾಳ ಕೆಟ್ಟೇ ಕೆಡುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಫೋನು ಸೆಕೆಂಡಿನ ಹತ್ತರಲ್ಲೊಂದು ಪಾಲು ತಡಮಾಡಿದರೂ ತಾಳ ಹಾಕುವವರು 34 ಮೀಟರು ಆಚೆ, ತೇರುಬೀದಿಯ ಆ ತುದಿಯಲ್ಲಿ ಕುಳಿತಂತಾಯಿತು. ಅವರಿಗಾಗಿ ನೀವು ಕಾಯುತ್ತೀರಿ, ನಿಮಗಾಗಿ ಅವರು ಕಾಯುತ್ತಾರೆ, ದೇವರನಾಮ ತೆವಳತೊಡಗುತ್ತದೆ.

ಆದ್ದರಿಂದ ಒಬ್ಬರು ಮೊದಲು ಚಪ್ಪಾಳೆ ತಟ್ಟಿ, ಶ್ರುತಿ ತಾಳ ಹಿಡಿದು ಹಾಡಿ ಕಳುಹಿಸಲಿ. ಉಳಿದವರು ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತ, ಆ ಚಪ್ಪಾಳೆಯೊಡನೆ ತಾವೂ ತಟ್ಟಿ, ಇನ್ನೊಂದು ಫೋನಿನಲ್ಲಿ ತಮ್ಮ ದನಿ ತುಂಬಲಿ. ಜೋಡಿಸುವವರಿಗೆ ಚಪ್ಪಾಳೆಯೇ ಗುರುತು. ಅಮೆರಿಕದ ಎರಿಕ್ ವಿಟೇಕರ್ 2010ರಲ್ಲಿ 12 ದೇಶಗಳ 185 ಗಾಯಕರ ದನಿಗಳನ್ನು ಹೀಗೆ ದೂರದಿಂದಲೇ ಒಂದುಗೂಡಿಸಿದರು.

ತೊಡಕೊಂದುಂಟು. ಕೋಣೆಯಲ್ಲಿ ಒಬ್ಬರೇ ಹಾಡುವಾಗ ಪಕ್ಕದವರ ದನಿಯ ಆಸರೆಯಿಲ್ಲ. ತಪ್ಪಿದ್ದೆಲ್ಲ ಕಿವಿಗೆ ಬೀಳುತ್ತದೆ. ಹಿರಿಯರು ಹಿಂದೆಗೆಯುವುದು ಅಲ್ಲಿಯೇ. ಮನೆಯಲ್ಲಿ ಅಂಥ ಅಜ್ಜಿಯಿದ್ದರೆ ಪಕ್ಕದಲ್ಲಿ ಕುಳಿತು ಹೇಳಿ: ನಡುಗಿದ್ದನ್ನು ಅಳಿಸಬೇಡಿ, ಹಾಗೆಯೇ ಕಳುಹಿಸೋಣ.