ರೇಸ್ ಫೋಟೋಗೆ ದುಬಾರಿ ಲೆನ್ಸೇ ಬೇಕಾ?

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ರೇಸ್ ನೋಡೋಕೆ ಬೆಂಗಳೂರಿನಿಂದ ಹೋಗೋರು ನಮ್ಮ ಕೇಳುಗರಲ್ಲೂ ಇದ್ದೀರಿ. ಕೈಗೆ ಕ್ಯಾಮೆರಾ ಬಂದ ಮೇಲೆ ಮುಂದಿನ ಪ್ರಶ್ನೆ, ಯಾವ ಟೆಲಿಫೋಟೋ ಲೆನ್ಸ್ ತಗೊಳ್ಳಲಿ? ಎಫ್ 2.8 ಲೆನ್ಸ್‌ಗೆ ಅಂತ ಎರಡು ವರ್ಷದ ಇಎಂಐ ಹಾಕಿಸೋ ಮುಂಚೆ, ಒಂದು ಸಣ್ಣ ಲೆಕ್ಕ ಮಾಡೋಣ.

ಮೊದಲು ದೂರ. ಫುಲ್ ಫ್ರೇಮ್ ಕ್ಯಾಮೆರಾಗೆ 300 ಎಂಎಂ ಲೆನ್ಸ್ ಹಾಕಿದ್ರೆ, 50 ಮೀಟರ್ ದೂರದಲ್ಲಿ 6 ಮೀಟರ್ ಅಗಲದಷ್ಟು ಕಾಣುತ್ತೆ. ನಾಲ್ಕೂವರೆ ಮೀಟರ್ ಉದ್ದದ ಕಾರು ಫ್ರೇಮ್‌ನ ಮುಕ್ಕಾಲು ಭಾಗ ತುಂಬುತ್ತೆ. ಅದೇ ಕಾರು 100 ಮೀಟರ್ ದೂರದಲ್ಲಿದ್ರೆ 600 ಎಂಎಂ ಬೇಕು. ನಿಮ್ಮದು ಎಪಿಎಸ್-ಸಿ ಸೆನ್ಸರ್ ಆದ್ರೆ 400 ಸಾಕು. ಬೈಕ್ ಚಿಕ್ಕದು, ಅದಕ್ಕೆ ಇನ್ನೂ ಉದ್ದದ ಲೆನ್ಸ್ ಬೇಕಾಗುತ್ತೆ.

ಎರಡನೆಯದು ಶಟರ್ ಸ್ಪೀಡ್. ಗಂಟೆಗೆ 180 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 50 ಮೀಟರ್ ಓಡುತ್ತೆ. ಸೆಕೆಂಡಿನ 1/2000 ಭಾಗದಲ್ಲಿ ಅದು ಹೋಗೋದು ಬರೀ ಎರಡೂವರೆ ಸೆಂಟಿಮೀಟರ್. ಫೋಟೋ ಶಾರ್ಪ್ ಆಗಿ ಬರುತ್ತೆ, ಆದ್ರೆ ಚಕ್ರ ತಿರುಗಿದ ಹಾಗೇ ಕಾಣಲ್ಲ. ಕಾರನ್ನ ಟ್ರ್ಯಾಕ್ ಮೇಲೆ ಪಾರ್ಕ್ ಮಾಡಿ ಹೋಗಿದ್ದಾರೇನೋ ಅನ್ಸುತ್ತೆ! ವೇಗ ಕಾಣಬೇಕು ಅಂದ್ರೆ 1/125ಕ್ಕೆ ಇಳಿಸಿ, ಕ್ಯಾಮೆರಾನ ಕಾರಿನ ಜೊತೆಗೇ ತಿರುಗಿಸ್ತಾ ಕ್ಲಿಕ್ ಮಾಡಬೇಕು. ಇದೇ ಪ್ಯಾನಿಂಗ್.

ಈಗ ಮಜಾ ನೋಡಿ. ಬಿರುಬಿಸಿಲಲ್ಲಿ ಐಎಸ್‌ಒ 100, ಶಟರ್ 1/125 ಇಟ್ರೆ ಅಪರ್ಚರ್ ಸುಮಾರು ಎಫ್ 16ಕ್ಕೆ ಹೋಗುತ್ತೆ. ಅಂದ್ರೆ ಎಫ್ 2.8ಕ್ಕೆ ದುಡ್ಡು ಕೊಟ್ಟು, ಎಫ್ 16ರಲ್ಲಿ ಫೋಟೋ ತೆಗೀತೀರಿ!

ಎಫ್ 16ರಲ್ಲಿ ಇನ್ನೊಂದು ತೊಂದರೆ, ಎದುರಿಗಿರೋ ತಂತಿ ಬೇಲಿ ಫೋಟೋದಲ್ಲಿ ಕಾಣೋಕೆ ಶುರುವಾಗುತ್ತೆ. ಅದಕ್ಕೆ ಎನ್‌ಡಿ 8 ಫಿಲ್ಟರ್ ಹಾಕಿ. ಬೆಳಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ, ಅಪರ್ಚರ್ ಎಫ್ 5.6ಕ್ಕೆ ತೆರೆಯಬಹುದು. ಬೇಲಿಗೆ ಆದಷ್ಟು ಹತ್ತಿರ ನಿಂತ್ರೆ ತಂತಿ ಮಸುಕಾಗಿ ಮಾಯವಾಗುತ್ತೆ. ಕಡಿಮೆ ಬೆಲೆಯ 70-300 ಲೆನ್ಸ್‌ಗೂ ಆ ಎಫ್ 5.6 ಬರುತ್ತೆ.

ಹಾಗಾದ್ರೆ ಎಫ್ 2.8 ಯಾರಿಗೆ? ಕತ್ತಲಲ್ಲಿ ಕೆಲಸ ಮಾಡೋರಿಗೆ. 2024ರಲ್ಲಿ ಚೆನ್ನೈನ ರಸ್ತೆಗಳಲ್ಲಿ ರಾತ್ರಿ ರೇಸ್ ನಡೀತಲ್ಲ, ಅಂಥ ಕಡೆ ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡೋ ಲೆನ್ಸ್‌ಗೆ ಬೆಲೆ ಇದೆ.

ಹಗಲಿನ ರೇಸ್‌ಗಾದ್ರೆ ಅಂಗಡೀಲಿ ಮೂರು ವಿಷಯ ಕೇಳಿ. ಎದುರಿಂದ ಬರೋ ಕಾರನ್ನ ಹಿಡಿಯೋಷ್ಟು ಫೋಕಸ್ ಚುರುಕಾಗಿದೆಯಾ? ಸ್ಟೆಬಿಲೈಸೇಷನ್‌ನಲ್ಲಿ ಪ್ಯಾನಿಂಗ್ ಮೋಡ್ ಇದೆಯಾ? ತೂಕ ಎಷ್ಟು? ಕ್ಯಾನನ್‌ನ ಆರ್‌ಎಫ್ 100-400 ಕೇವಲ 635 ಗ್ರಾಂ, ಸೋನಿಯ 200-600 ಎರಡು ಕೆಜಿ ದಾಟುತ್ತೆ. ದಿನವಿಡೀ ಬಿಸಿಲಲ್ಲಿ ನಿಂತವರ ತೋಳಿಗೆ ಗೊತ್ತು ಆ ವ್ಯತ್ಯಾಸ.

ಇಷ್ಟಾದ್ಮೇಲೂ ಅನುಮಾನ ಇದ್ರೆ ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಗೊಳ್ಳಿ. ಮನೆಗೆ ಬಂದು, ಚೆನ್ನಾಗಿ ಬಂದ ಫೋಟೋಗಳು ಎಷ್ಟು ಎಂಎಂನಲ್ಲಿ ತೆಗೆದವು ಅಂತ ನೋಡಿ. ಯಾವ ಲೆನ್ಸ್ ಬೇಕು ಅಂತ ಆ ಫೋಟೋಗಳೇ ಹೇಳ್ತವೆ. ಉಳಿದ ದುಡ್ಡಲ್ಲಿ ಇನ್ನೂ ನಾಲ್ಕು ರೇಸ್ ನೋಡ್ಕೊಂಡು ಬನ್ನಿ. ಮತ್ತೆ ಸಿಗೋಣ!